ಲಿಲ್ಲಿ ಗಡ್ಡೆ ಬಿಡಿಸಿ ನೆಡುವುದು: ಬೇರು ಉಳಿಸಿ, ಎಲೆ ಉಳಿಸಿ

ಗಡ್ಡೆ ಬಿಡಿಸಿ ನೆಟ್ಟು ಎರಡು ವರ್ಷವಾಯಿತು, ಎಲೆ ಸೊಂಪಾಗಿದೆ, ಹೂ ಮಾತ್ರ ಇಲ್ಲ. ಲಿಲ್ಲಿ ಬೆಳೆಸುವವರಿಂದ ಜಾಸ್ತಿ ಕೇಳುವ ದೂರು ಇದೇ. ಇಂಥ ಕಡೆ ಬಹಳ ಸಲ ಗಿಡಕ್ಕೆ ರೋಗ ಬಂದಿರುವುದಿಲ್ಲ, ಗೊಬ್ಬರವೂ ಕಡಿಮೆಯಾಗಿರುವುದಿಲ್ಲ. ಬಿಡಿಸುವಾಗ ಬೇರನ್ನು ಕತ್ತರಿಸಿ ಎಸೆದಿರುತ್ತಾರೆ, ಹಸಿರೆಲೆಯನ್ನು ಬುಡದವರೆಗೆ ಕೊಯ್ದಿರುತ್ತಾರೆ, ಇಲ್ಲವೇ ಗಡ್ಡೆ ಕಾಣದಂತೆ ಆಳಕ್ಕೆ ಹೂತಿರುತ್ತಾರೆ. ಈ ಮೂರನ್ನು ತಪ್ಪಿಸಿದರೆ ಸಾಕು. ಒಂದೇ ಗಡ್ಡೆಯಿಂದ ಕೆಲವೇ ವರ್ಷಗಳಲ್ಲಿ ಅಂಗಳದ ಅಂಚು ತುಂಬುವಷ್ಟು ಗಿಡ ಮಾಡಿಕೊಳ್ಳಬಹುದು, ಅಕ್ಕಪಕ್ಕದವರಿಗೂ ಕೊಡಬಹುದು.

ಅಗೆಯುವ ಮೊದಲು: ನಿಮ್ಮದು ಯಾವ ಲಿಲ್ಲಿ?

ನಮ್ಮ ಹಿತ್ತಲುಗಳಲ್ಲಿ ಲಿಲ್ಲಿ ಅನ್ನಿಸಿಕೊಳ್ಳುವ ಗಿಡಗಳು ಬೇರೆ ಬೇರೆ ಕುಲದವು. ಮಣ್ಣಿನ ಕೆಳಗೆ ಒಂದೊಂದರ ಕಥೆ ಒಂದೊಂದು. ಅದಕ್ಕೆ ತಕ್ಕಂತೆ ಬಿಡಿಸುವ ಕಾಲವೂ ನೆಡುವ ಆಳವೂ ಬದಲಾಗುತ್ತವೆ.

ಮಾರ್ಚ್‌ನಿಂದ ಮೇ ತನಕ ದಪ್ಪ ಪೊಳ್ಳು ದಂಟಿನ ತುದಿಯಲ್ಲಿ ಕೆಂಪು, ಕೇಸರಿ, ಬಿಳಿ-ಕೆಂಪು ಪಟ್ಟೆಯ ದೊಡ್ಡ ಹೂ ಬಿಡುವುದು ಹಿಪ್ಪಿಯಾಸ್ಟ್ರಮ್. ಅಂಗಡಿಗಳಲ್ಲಿ ಅದನ್ನು ಅಮರಿಲ್ಲಿಸ್ ಎಂದು ಮಾರುತ್ತಾರೆ. ಮೂಲ ದಕ್ಷಿಣ ಅಮೆರಿಕ. ಗಡ್ಡೆ ಈರುಳ್ಳಿಯ ಹಾಗೆ ಕಂದು ಸಿಪ್ಪೆಯದು. ಮಳೆ ಬಿದ್ದ ಕೆಲವೇ ದಿನಕ್ಕೆ ನೆಲದಿಂದ ಪುಟ್ಟ ಗುಲಾಬಿ, ಬಿಳಿ, ಹಳದಿ ಹೂ ಎದ್ದರೆ ಅದು ರೈನ್ ಲಿಲ್ಲಿ. ಎಲೆಯೇ ಇಲ್ಲದ ನೆಲದಿಂದ ಏಪ್ರಿಲ್-ಮೇ ಹೊತ್ತಿಗೆ ಕೆಂಪು ಚೆಂಡು ಬಂದರೆ ಫುಟ್‌ಬಾಲ್ ಲಿಲ್ಲಿ. ಉದ್ದ ಎಳೆಗಳ ಬಿಳಿ ಹೂವಿನದು ಸ್ಪೈಡರ್ ಲಿಲ್ಲಿ. ಒಂದೊಂದು ಹೂ ಒಂದೇ ದಿನ ಅರಳಿ ಬಾಡಿದರೆ ಡೇ ಲಿಲ್ಲಿ, ಅದಕ್ಕೆ ಗಡ್ಡೆಯೇ ಇಲ್ಲ. ಹೂಗುಚ್ಛಗಳಲ್ಲಿ ಕಾಣುವ ಏಷ್ಯಾಟಿಕ್, ಓರಿಯೆಂಟಲ್ ಲಿಲ್ಲಿಗಳ ಗಡ್ಡೆಗೆ ಹೊರಸಿಪ್ಪೆ ಇರುವುದಿಲ್ಲ. ದಪ್ಪ ಬಿಳಿ ಎಸಳುಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಕೊನೆಗೆ ನಮ್ಮದೇ ಗೌರಿ ಹೂ ಇದೆ. ಅದರ ಗೆಡ್ಡೆ ಇವೆಲ್ಲಕ್ಕಿಂತ ನಾಜೂಕು.

ಕರ್ನಾಟಕದ ಮನೆಗಳಲ್ಲಿ ಹೆಚ್ಚಾಗಿ ಇರುವುದು ಹಿಪ್ಪಿಯಾಸ್ಟ್ರಮ್. ಹಾಗಾಗಿ ಅದನ್ನು ಸಾವಕಾಶವಾಗಿ ನೋಡೋಣ. ಅದರ ಕೆಲಸ ಕೈಗೆ ಹತ್ತಿದರೆ ಉಳಿದವು ಸುಲಭ.

ಯಾವಾಗ ಬಿಡಿಸಬೇಕು

ಹಿಪ್ಪಿಯಾಸ್ಟ್ರಮ್‌ಗೆ ಸ್ವಲ್ಪ ಇಕ್ಕಟ್ಟು ಇಷ್ಟ. ಕುಂಡದಲ್ಲಿ ಮೂರು ಗಡ್ಡೆ ಒತ್ತಿಕೊಂಡಿದ್ದರೂ ವರ್ಷ ವರ್ಷ ಹೂ ಬರುತ್ತಿದೆಯಾ? ಹಾಗಾದರೆ ಮುಟ್ಟಬೇಡಿ. ಹೂದಂಟು ಕಡಿಮೆಯಾದಾಗ, ಎಲೆ ಸಣ್ಣಗಾದಾಗ, ಗಡ್ಡೆಗಳು ಒಂದನ್ನೊಂದು ಮೇಲಕ್ಕೆ ತಳ್ಳಿಕೊಂಡು ಕುಂಡದ ಅಂಚು ಉಬ್ಬಿದಾಗ ಬಿಡಿಸುವ ಕಾಲ ಬಂತು ಎಂದು ಅರ್ಥ. ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಕ್ಕೊಮ್ಮೆ ಸಾಕು. ಪ್ರತಿ ವರ್ಷ ಸುಮ್ನೆ ಅಗೆದು ನೋಡುವುದರಿಂದ ಗಿಡಕ್ಕೆ ತೊಂದರೆಯೇ.

ಒಳ್ಳೆಯ ಕಾಲ ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ. ಮಳೆ ನಿಂತು ಮಣ್ಣು ಒಣಗಿರುತ್ತದೆ, ಚಳಿಗೆ ಗಡ್ಡೆ ವಿಶ್ರಾಂತಿಯಲ್ಲಿರುತ್ತದೆ, ಗಾಯ ಬೇಗ ಒಣಗುತ್ತದೆ. ಇದು ತಪ್ಪಿಹೋದರೆ ಎರಡನೆಯ ಅವಕಾಶ ಹೂ ಮುಗಿದ ಮೇಲೆ, ಮೇ ಕೊನೆಯಲ್ಲಿ ಸಿಗುತ್ತದೆ. ಬಯಲುಸೀಮೆಯಲ್ಲಿ ರೋಹಿಣಿ ಮಳೆಯ ಸುಮಾರಿಗೆ ನೆಟ್ಟರೂ ನಡೆಯುತ್ತದೆ. ಮಲೆನಾಡು, ಕರಾವಳಿಯವರಿಗೆ ಇದನ್ನು ನಾನು ಹೇಳುವುದಿಲ್ಲ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಿಡುವಿಲ್ಲದ ಮಳೆ. ಹೊಸದಾಗಿ ಕತ್ತರಿಸಿದ ಗಡ್ಡೆ ಆ ತೇವದಲ್ಲಿ ಕೊಳೆಯುವುದೇ ಜಾಸ್ತಿ. ಆ ಕಡೆಯವರು ಚಳಿಗಾಲವನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಮೊಗ್ಗು ಹೊರಟ ಗಡ್ಡೆಯನ್ನು ಅಗೆಯಬೇಡಿ. ಹೂ ಬಾಡುವವರೆಗೆ ಕಾಯಿರಿ.

ಎಲೆ, ಬೇರು ಯಾಕಿಷ್ಟು ಮುಖ್ಯ

ಹಿಪ್ಪಿಯಾಸ್ಟ್ರಮ್ ಗಡ್ಡೆಯ ಒಳಗೆ ಸುಮಾರು ನಾಲ್ಕು ಎಲೆಗೆ ಒಂದು ಹೂಮೊಗ್ಗಿನ ಲೆಕ್ಕದಲ್ಲಿ ಬೆಳವಣಿಗೆ ಸಾಗುತ್ತದೆ. ಈ ಬೇಸಿಗೆಯಲ್ಲಿ ಅರಳುವ ಹೂವಿನ ಮೊಗ್ಗು ಹಿಂದಿನ ಮಳೆಗಾಲಕ್ಕಿಂತ ಮೊದಲೇ ಗಡ್ಡೆಯೊಳಗೆ ಹುಟ್ಟಿಕೊಂಡಿರಬಹುದು. ಅದು ದಪ್ಪವಾಗಲು ಬೇಕಾದ ಆಹಾರ ಮಳೆಗಾಲದ ಎಲೆಗಳಿಂದಲೇ ಬರಬೇಕು. ಎಲೆ ಕೊಯ್ದರೆ ನಷ್ಟ ಅದೇ ವರ್ಷ ಕಾಣುವುದಿಲ್ಲ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಕಾಣುತ್ತದೆ. ಆ ಹೊತ್ತಿಗೆ ಎಲೆ ಕೊಯ್ದದ್ದು ಮರೆತುಹೋಗಿರುತ್ತದೆ, ಅಲ್ವಾ? ಆಗ ಗೊಬ್ಬರದ ಮೇಲೆ ತಪ್ಪು ಹೊರಿಸುತ್ತೇವೆ.

ಬೇರಿನದೂ ಹೀಗೆಯೇ. ಇದರ ಬೇರು ದಪ್ಪ, ಬಿಳಿ, ರಸಭರಿತ. ವರ್ಷಕ್ಕೊಮ್ಮೆ ಒಣಗಿ ಹೊಸದಾಗಿ ಬರುವ ಜಾತಿಯಲ್ಲ, ಹಲವು ವರ್ಷ ಬದುಕುತ್ತದೆ, ಆಹಾರವನ್ನೂ ಕೂಡಿಟ್ಟುಕೊಳ್ಳುತ್ತದೆ. ಅಂಗಡಿಯಿಂದ ತಂದ ಗಡ್ಡೆಗೆ ಬೇರು ಇರುವುದಿಲ್ಲ ಎಂಬ ಕಾರಣಕ್ಕೆ ಮನೆಯ ಗಡ್ಡೆಯ ಬೇರನ್ನೂ ಕತ್ತರಿಸಿ ‘ಸ್ವಚ್ಛ’ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಳೆತ, ಪೊಳ್ಳಾದ, ಮುಟ್ಟಿದರೆ ಸಿಪ್ಪೆ ಕಳಚಿಬರುವ ಬೇರನ್ನು ಮಾತ್ರ ತೆಗೆಯಿರಿ. ಗಟ್ಟಿ ಬೇರು ಒಂದೂ ಹೋಗಬಾರದು.

ಅಗೆಯುವುದು

ಅಗೆಯುವ ಎರಡು-ಮೂರು ವಾರ ಮೊದಲು ನೀರು ನಿಲ್ಲಿಸಿ. ಮಣ್ಣು ಒಣಗಿದರೆ ಬೇರಿನಿಂದ ಸಲೀಸಾಗಿ ಉದುರುತ್ತದೆ. ಹಳೆಯ ಎಲೆ ತಾನಾಗಿ ಹಳದಿಯಾಗುತ್ತದೆ. ಪೂರ್ತಿ ಒಣಗಿದ್ದನ್ನು ಮೆಲ್ಲಗೆ ಎಳೆದು ತೆಗೆಯಿರಿ. ಬೆಂಗಳೂರಿನಂಥ ಕಡೆ ಚಳಿಗಾಲದಲ್ಲೂ ಕೆಲವು ಎಲೆ ಹಸಿರಾಗಿಯೇ ಉಳಿಯುತ್ತವೆ. ಅವು ಹಾಗೇ ಇರಲಿ. ಅಗೆಯುವಾಗ ಅಡ್ಡ ಬಂದರೆ ಸಡಿಲವಾಗಿ ಒಂದು ದಾರ ಕಟ್ಟಿಕೊಳ್ಳಿ.

ಕೈಗವಸು ಹಾಕಿಕೊಳ್ಳಿ. ಈ ಗಡ್ಡೆಗಳ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹೊಟ್ಟೆಗೆ ಹೋದರೆ ವಿಷ. ನೋಡಲು ಈರುಳ್ಳಿಯಂತೆಯೇ ಇರುವುದರಿಂದ ಬಿಡಿಸಿದ ಗಡ್ಡೆಯನ್ನು ಅಡುಗೆಮನೆಯ ಹತ್ತಿರ ಇಡಬೇಡಿ. ನಾಯಿ ಅಗಿಯಬಹುದು, ಮಕ್ಕಳು ಬಾಯಿಗೆ ಹಾಕಬಹುದು.

ನೆಲದಲ್ಲಿದ್ದರೆ ಗುಂಪಿನಿಂದ ಒಂದು ಅಡಿ ದೂರಕ್ಕೆ ಸುತ್ತಲೂ ಅಗೆಯಿರಿ. ಗುದ್ದಲಿಗಿಂತ ಹಲ್ಲುಗಳಿರುವ ಫೋರ್ಕ್ ಒಳ್ಳೆಯದು, ಗಡ್ಡೆಗೆ ಏಟು ಬೀಳುವುದು ಕಡಿಮೆ. ಅದಿಲ್ಲದಿದ್ದರೆ ಸಣ್ಣ ಹಾರೆಯಿಂದ ಕೆಳಗಿನ ಮಣ್ಣನ್ನು ಸಡಿಲಿಸಿ, ಇಡೀ ಗುಂಪನ್ನು ಮಣ್ಣಿನ ಸಮೇತ ಮೇಲೆತ್ತಿ. ಎಲೆ ಹಿಡಿದು ಜಗ್ಗಬೇಡಿ. ಗಡ್ಡೆಯ ಕುತ್ತಿಗೆ, ಅಂದರೆ ಎಲೆ ಹೊರಡುವ ಮೇಲ್ತುದಿ, ಮುರಿದರೆ ಒಳಗಿನ ಮೊಗ್ಗಿಗೆ ಪೆಟ್ಟು.

ಕುಂಡದಲ್ಲಿದ್ದರೆ ಅಡ್ಡ ಮಲಗಿಸಿ, ಸುತ್ತಲೂ ಅಂಗೈಯಿಂದ ತಟ್ಟಿ, ನಿಧಾನವಾಗಿ ಹೊರಗೆ ಜಾರಿಸಿ. ಬೇರು ಗೋಡೆಗೆ ಅಂಟಿಕೊಂಡಿದ್ದರೆ ಹಳೆಯ ಚಾಕುವನ್ನು ಒಳ ಅಂಚಿನಲ್ಲಿ ಒಂದು ಸುತ್ತು ಆಡಿಸಿ. ಆಗಲೂ ಬರದಿದ್ದರೆ ಕುಂಡವನ್ನೇ ಒಡೆಯುವುದು ಲೇಸು. ಮಣ್ಣಿನ ಕುಂಡದ ಬೆಲೆಗಿಂತ ಐದು ವರ್ಷದ ಬೇರಿನ ಬೆಲೆ ದೊಡ್ಡದು.

ಬಿಡಿಸುವುದು

ಮಣ್ಣನ್ನು ಕೈಯಿಂದ ಉದುರಿಸಿ, ಉಳಿದದ್ದನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರುಗಳ ಸಿಕ್ಕನ್ನು ನೀರಿನೊಳಗೇ ಬಿಡಿಸಿದರೆ ಮುರಿಯುವುದು ಕಡಿಮೆ. ಅವಸರ ಬೇಡ. ದೊಡ್ಡ ಗುಂಪಾದರೆ ಅರ್ಧ ಗಂಟೆ ನೀರಿನಲ್ಲೇ ಬಿಟ್ಟು ಬೇರೆ ಕೆಲಸ ಮಾಡಿಕೊಂಡು ಬನ್ನಿ.

ಈಗ ಗಡ್ಡೆಯ ಅಡಿಭಾಗ ನೋಡಿ. ಬೇರು ಹೊರಡುವ ಗಟ್ಟಿ ಬಿಲ್ಲೆಯಂಥ ಜಾಗ ಒಂದಿದೆ. ಗಿಡದ ಜೀವ ಇರುವುದು ಅಲ್ಲಿಯೇ. ಮರಿಗಡ್ಡೆಗಳು ತಾಯಿಗಡ್ಡೆಗೆ ಅಂಟಿರುವುದೂ ಅಲ್ಲಿಯೇ. ಮರಿಯನ್ನು ಹೆಬ್ಬೆರಳಿನಿಂದ ಹೊರಕ್ಕೆ ಒತ್ತಿ ಸ್ವಲ್ಪ ತಿರುಚಿ. ಬಲಿತಿದ್ದರೆ ತಾನಾಗಿ ಕಳಚಿಕೊಳ್ಳುತ್ತದೆ. ಬರದಿದ್ದರೆ ಚೂಪಾದ ಚಾಕುವಿನಿಂದ ಕತ್ತರಿಸಿ. ಮರಿಯ ಪಾಲಿಗೆ ಬಿಲ್ಲೆಯ ಒಂದು ತುಂಡು, ಅದರ ಜೊತೆ ಎರಡು-ಮೂರು ಬೇರು ಬರಲೇಬೇಕು. ಬಿಲ್ಲೆ ಇಲ್ಲದ ಮರಿ ಬದುಕುವುದಿಲ್ಲ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ವೈರಸ್ ರೋಗ ಇರುವ ಗಿಡದ ರಸ ಚಾಕುವಿನ ಮೂಲಕ ದಾಟಬಹುದು. ಎಲೆಯಲ್ಲಿ ತಿಳಿಹಸಿರು-ಹಳದಿ ಗೀರುಗಳ ಮಚ್ಚೆ ವರ್ಷ ವರ್ಷ ಬರುತ್ತಿದ್ದರೆ ಆ ಗಿಡವನ್ನು ಬಿಡಿಸಿ ಹಂಚಬೇಡಿ. ತೆಗೆದು ಹಾಕುವುದೇ ಸರಿ.

ಎಷ್ಟು ಸಣ್ಣ ಮರಿಯನ್ನು ಬೇರ್ಪಡಿಸಬಹುದು? ಅಡ್ಡಳತೆ 3-4 ಸೆಂಟಿಮೀಟರ್ ಆಗಿ ಸ್ವಂತ ಬೇರು, ಎಲೆ ಇದ್ದರೆ ಧಾರಾಳವಾಗಿ ಬಿಡಿಸಿ. ಅದಕ್ಕಿಂತ ಚಿಕ್ಕದನ್ನು ತಾಯಿಯ ಜೊತೆಯೇ ಬಿಟ್ಟರೆ ಬೇಗ ದಪ್ಪವಾಗುತ್ತದೆ. ಬಿಡಿಸಿದ ಮರಿ ಹೂ ಬಿಡಲು ಎರಡು-ಮೂರು ವರ್ಷ ಬೇಕು. ಇದು ನಿಮ್ಮ ಆರೈಕೆಯ ಕೊರತೆಯಲ್ಲ, ಗಡ್ಡೆ ಬಲಿಯಲು ಬೇಕಾದ ಕಾಲ ಅಷ್ಟು.

ಒಂದೊಂದು ಗಡ್ಡೆಯನ್ನೂ ಒತ್ತಿ ನೋಡಿ. ಗಟ್ಟಿಯಾಗಿ ತೂಕವಾಗಿರಬೇಕು. ಮೆತ್ತಗಾದ ಜಾಗ ಇದ್ದರೆ ಬಿಳಿ ಭಾಗ ಸಿಗುವವರೆಗೆ ಕೆತ್ತಿ ತೆಗೆಯಿರಿ. ಬಿಲ್ಲೆಯೇ ಕೊಳೆತಿದ್ದರೆ ಎಸೆಯಿರಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಒಣ ಸಿಪ್ಪೆಯ ಕೆಳಗೆ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಅಡಗಿರುವುದು ಸಾಮಾನ್ಯ. ಸಡಿಲ ಸಿಪ್ಪೆಯನ್ನೆಲ್ಲ ಸುಲಿದು, ಸಾಬೂನು ನೀರಿನಲ್ಲಿ ಹಳೆಯ ಬ್ರಷ್ಷಿನಿಂದ ತಿಕ್ಕಿ, ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಗಡ್ಡೆ, ಎಲೆಗಳ ಮೇಲೆ ಕೆಂಪು ಗೀರು, ಕೆಂಪು ಅಂಚಿನ ಮಚ್ಚೆ ಕಂಡರೆ ಅದು ಶಿಲೀಂಧ್ರದ ಕೆಲಸ ಇರಬಹುದು. ಮಚ್ಚೆಯ ಭಾಗ ತೆಗೆದು, ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ಲೀಟರಿಗೆ 1 ಗ್ರಾಮಿನಂತೆ ಕಲಸಿದ ನೀರಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ಗಡ್ಡೆಯನ್ನು ಅದ್ದಿಡಿ. ರಾಸಾಯನಿಕ ಬೇಡ ಅನ್ನುವವರು ನೆಡುವ ಮಣ್ಣಿಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಬಹುದು. ಅದು ರೋಗ ಬರದಂತೆ ತಡೆಯಲು ಒಳ್ಳೆಯದು. ಆಗಲೇ ಹಿಡಿದ ಕೊಳೆಯನ್ನು ವಾಸಿ ಮಾಡುತ್ತದೆ ಎಂದು ನಂಬಿ ಕೂರಬೇಡಿ.

ಕತ್ತರಿಸಿದ ಜಾಗ ಒಣಗಲು ನೆರಳಿನಲ್ಲಿ, ಗಾಳಿಯಾಡುವ ಕಡೆ, ಕಾಗದದ ಮೇಲೆ ಒಂದೆರಡು ದಿನ ಇಡಿ. ಬಿಸಿಲು ಬೇಡ. ವಾರಗಟ್ಟಲೆ ಇಟ್ಟರೆ ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಬೇರೆಲ್ಲ ಸುಕ್ಕಾಗಿ ಸಾಯುತ್ತದೆ.

ನೆಡುವುದು

ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು. ಒಂದು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ, ಒಂದು ಚಮಚ ಮೂಳೆಪುಡಿ. ಹಸಿ ಸಗಣಿ ಗೊಬ್ಬರ ಹಾಕಲೇಬೇಡಿ, ಗಡ್ಡೆ ಕೊಳೆಯುತ್ತದೆ. ತೆಂಗಿನ ನಾರಿನ ಪುಡಿ ಸ್ವಲ್ಪ ಸೇರಿಸಬಹುದು, ಆದರೆ ಬರೀ ಅದರಲ್ಲೇ ನೆಟ್ಟರೆ ಮಳೆಗಾಲದಲ್ಲಿ ತೇವ ಆರುವುದೇ ಇಲ್ಲ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಮಡಿ ಏರಿಸಿ ಮರಳು ಸೇರಿಸಿಕೊಂಡೇ ನೆಡಬೇಕು.

ಕುಂಡ ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ಇಲ್ಲಿ ನಡೆಯುವುದಿಲ್ಲ. ಗಡ್ಡೆಗೂ ಕುಂಡದ ಅಂಚಿಗೂ ನಡುವೆ ಸುತ್ತ ಎರಡು ಬೆರಳು ಜಾಗ ಇದ್ದರೆ ಸಾಕು. ಜಾಸ್ತಿ ಮಣ್ಣು ಎಂದರೆ ಜಾಸ್ತಿ ತೇವ. ಕುಂಡ ಅಗಲಕ್ಕಿಂತ ಆಳವಾಗಿರಲಿ, ಬೇರು ಕೆಳಕ್ಕೆ ಇಳಿಯುತ್ತದೆ.

ಗುಂಡಿಯ ನಡುವೆ ಮಣ್ಣಿನ ಸಣ್ಣ ಗುಡ್ಡೆ ಮಾಡಿ. ಗಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಸುತ್ತಲೂ ಇಳಿಬಿಡಿ. ಆಮೇಲೆ ಬೇರಿನ ನಡುವೆ ಪೊಳ್ಳು ಉಳಿಯದಂತೆ ಬೆರಳಿನಿಂದ ಮಣ್ಣು ತುಂಬುತ್ತಾ ಬನ್ನಿ. ಗಡ್ಡೆಯ ಮೂರನೇ ಒಂದು ಭಾಗ, ಕುತ್ತಿಗೆ ಸಮೇತ, ಮಣ್ಣಿನ ಮೇಲೆ ಕಾಣುತ್ತಿರಬೇಕು. ಹೂ ಬಾರದ ಎಷ್ಟೋ ಗಿಡಗಳಿಗೆ ಇದೊಂದನ್ನು ಸರಿಪಡಿಸಿದರೆ ಸಾಕಾಗುತ್ತದೆ. ಗಡ್ಡೆಯನ್ನು ಪೂರ್ತಿ ಹೂತರೆ ಕುತ್ತಿಗೆಯಲ್ಲಿ ನೀರು ಕೂತು ಕೊಳೆಯುತ್ತದೆ. ಕೊಳೆಯದಿದ್ದರೂ ಅದರ ಶಕ್ತಿಯೆಲ್ಲ ಮರಿ ಹಾಕುವುದಕ್ಕೆ ಹೋಗುತ್ತದೆ. ನೆಲದಲ್ಲಾದರೆ ಗಡ್ಡೆಯಿಂದ ಗಡ್ಡೆಗೆ 20-25 ಸೆಂಟಿಮೀಟರ್ ಅಂತರ ಕೊಡಿ. ಮರಿಗಳನ್ನು ನಾಲ್ಕು ಇಂಚಿನ ಕುಂಡಗಳಲ್ಲಿ ಬೇರೆಯಾಗಿ ಬೆಳೆಸಿದರೆ ನಿಗಾ ಇಡುವುದು ಸುಲಭ. ನೆಟ್ಟ ದಿನವೇ ಬಣ್ಣ, ತಿಂಗಳು ಬರೆದ ಚೀಟಿ ಸಿಕ್ಕಿಸಿ. ಹೂ ಇಲ್ಲದ ಹೊತ್ತಿನಲ್ಲಿ ಎಲ್ಲ ಎಲೆಗಳೂ ಒಂದೇ ತರ ಕಾಣುತ್ತವೆ.

ನೆಟ್ಟ ಮೇಲಿನ ಮೂರು ತಿಂಗಳು

ಒಮ್ಮೆ ಮಣ್ಣು ಕೂರುವಂತೆ ನೀರು ಕೊಡಿ. ಮತ್ತೆ ಕೈ ಕಟ್ಟಿಕೊಂಡಿರಿ. ಹೊಸ ಎಲೆಯ ತುದಿಯೋ ಮೊಗ್ಗಿನ ತುದಿಯೋ ಕಾಣುವ ತನಕ ಮೇಲಿನ ಒಂದೆರಡು ಇಂಚು ಒಣಗಿದ ಮೇಲಷ್ಟೇ ನೀರು. ದಿನಾ ನೀರು ಹಾಕದಿದ್ದರೆ ಸಮಾಧಾನವಾಗುವುದಿಲ್ಲ ಅನ್ನುವವರಿಗೆ ಇದು ಕಷ್ಟ, ಗೊತ್ತು. ಆದರೆ ಎಲೆ ಇಲ್ಲದ ಗಡ್ಡೆ ನೀರು ಕುಡಿಯುವುದು ತೀರಾ ಕಡಿಮೆ. ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಬೀಳುವ ಜಾಗ ಕೊಡಿ. ಬಳ್ಳಾರಿ, ಕಲಬುರಗಿ ಕಡೆಯ ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕು.

ಮೊದಲ ಬೇಸಿಗೆಯಲ್ಲಿ ತಾಯಿಗಡ್ಡೆ ಹೂ ಬಿಡಬಹುದು, ಬಿಡದೆಯೂ ಇರಬಹುದು. ಬಿಟ್ಟರೆ, ಬಾಡಿದ ಹೂವನ್ನು ಕಾಯಿ ಕಟ್ಟುವ ಮೊದಲು ಚಿವುಟಿ. ದಂಟು ಹಸಿರಾಗಿರುವ ತನಕ ಇರಲಿ. ಎಲೆ ಚುರುಕಾಗಿ ಬೆಳೆಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಎರೆಗೊಬ್ಬರ, ಜೊತೆಗೆ ಒಂದು ಚಿಟಿಕೆ ಕಟ್ಟಿಗೆ ಬೂದಿ ಸಾಕು. ಯೂರಿಯಾ ಬೇಡ. ಎಲೆ ಉದ್ದವಾಗಿ ಜೋತುಬೀಳುತ್ತದೆ, ಹೂ ಹಿಂದೆ ಬೀಳುತ್ತದೆ. ಅಕ್ಟೋಬರ್ ನಂತರ ಗೊಬ್ಬರ ನಿಲ್ಲಿಸಿ, ನವೆಂಬರ್‌ನಿಂದ ನೀರು ಇಳಿಸಿ. ಎರಡು ತಿಂಗಳು ಒಣಗಿದ ಗಡ್ಡೆ ಬೇಸಿಗೆಯ ಬಿಸಿ ತಾಗಿದೊಡನೆ ಎಚ್ಚರಾಗುತ್ತದೆ.

ಮಳೆಗಾಲದಲ್ಲಿ ಒಂದು ಹುಳುವಿನ ಬಗ್ಗೆ ಎಚ್ಚರ. ಕಪ್ಪು ಮೈಮೇಲೆ ಬಿಳಿ ಚುಕ್ಕೆ, ಕೆಂಪು ಮಚ್ಚೆ ಇರುವ ಲಿಲ್ಲಿ ಪತಂಗದ ಮರಿಹುಳು. ಹಿಪ್ಪಿಯಾಸ್ಟ್ರಮ್, ರೈನ್ ಲಿಲ್ಲಿ, ಗೌರಿ ಹೂ ಎಲ್ಲವನ್ನೂ ತಿನ್ನುತ್ತದೆ. ಗುಂಪಾಗಿ ಬಂದರೆ ಒಂದೆರಡು ದಿನದಲ್ಲಿ ಎಲೆಯನ್ನೆಲ್ಲ ಮುಗಿಸಿ ಗಡ್ಡೆಯ ಕುತ್ತಿಗೆಗೂ ಇಳಿಯುತ್ತದೆ. ಸಂಜೆ, ಬೆಳಿಗ್ಗೆ ಎಲೆಯ ಅಡಿ ನೋಡಿ, ಕೈಗವಸು ಹಾಕಿ ಆರಿಸಿ ಸಾಬೂನು ನೀರಿಗೆ ಹಾಕಿ. ಮನೆಯ ತೋಟಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇವಿನೆಣ್ಣೆ ಸಿಂಪಡಿಸಿದರೆ ಚಿಕ್ಕ ಹುಳುಗಳ ಕಾಟ ತಗ್ಗುತ್ತದೆ.

ರೈನ್ ಲಿಲ್ಲಿ, ಸ್ಪೈಡರ್ ಲಿಲ್ಲಿ, ಡೇ ಲಿಲ್ಲಿ

ಇವು ಮೂರೂ ಕ್ಷಮಿಸುವ ಗಿಡಗಳು. ರೈನ್ ಲಿಲ್ಲಿಯ ಗುಂಪನ್ನು ಏಪ್ರಿಲ್-ಮೇನಲ್ಲಿ, ಮಳೆಗೆ ಮುಂಚೆ, ಅಗೆದು ಕೈಯಿಂದಲೇ ಬಿಡಿಸಿ. ಗಡ್ಡೆ ಚಿಕ್ಕದು. 3-5 ಸೆಂಟಿಮೀಟರ್ ಆಳಕ್ಕೆ, ಕುತ್ತಿಗೆ ನೆಲದ ಮಟ್ಟಕ್ಕೆ ಬರುವಂತೆ ನೆಡಿ. ಒಂದೊಂದಾಗಿ ನೆಡಬೇಡಿ, ಐದಾರು ಗಡ್ಡೆ ಸೇರಿಸಿ ನೆಟ್ಟರೆ ನೋಡಲೂ ಚೆಂದ, ಹೂವೂ ಜಾಸ್ತಿ. ಕೆಲವು ವಾರ ನೀರು ಕೊಡದೆ ಒಣಗಲು ಬಿಟ್ಟು ಆಮೇಲೆ ಒಮ್ಮೆಲೇ ತೋಯಿಸಿದರೆ ಮಳೆ ಇಲ್ಲದಿದ್ದರೂ ಅರಳುತ್ತದೆ.

ಸ್ಪೈಡರ್ ಲಿಲ್ಲಿಯ ಗಡ್ಡೆ ದೊಡ್ಡದು, ಗುಂಪು ಭಾರ. ಇಬ್ಬರು ಬೇಕಾಗಬಹುದು. ಮುಂಗಾರಿನ ಹೊತ್ತಿಗೆ ಬಿಡಿಸಿ, ಕುತ್ತಿಗೆ ನೆಲದ ಮಟ್ಟದಲ್ಲಿರುವಂತೆ ಒಂದೂವರೆ ಅಡಿ ಅಂತರದಲ್ಲಿ ನೆಡಿ. ತೇವಕ್ಕೆ ಹೆದರುವ ಗಿಡ ಅಲ್ಲ, ಕರಾವಳಿಯಲ್ಲೂ ಸೊಗಸಾಗಿ ಬರುತ್ತದೆ.

ಡೇ ಲಿಲ್ಲಿಗೆ ಬೀಸಣಿಗೆಯಂತೆ ಹರಡಿದ ಎಲೆಗಳ ಕಂತೆ, ಅದರ ಕೆಳಗೆ ಉಬ್ಬಿದ ಬೇರು. ಹೂ ಮುಗಿದ ಮೇಲೆ ಗುಂಪನ್ನು ಎತ್ತಿ, ತೊಳೆದು, ಎರಡು-ಮೂರು ಕಂತೆ ಒಟ್ಟಿಗಿರುವಂತೆ ಭಾಗ ಮಾಡಿ. ಇದೊಂದಕ್ಕೆ ಎಲೆ ಕತ್ತರಿಸುವುದು ಒಳ್ಳೆಯದೇ. 15 ಸೆಂಟಿಮೀಟರ್ ಉಳಿಸಿ ಮೇಲಿನದನ್ನು ತೆಗೆದರೆ ಬೇರು ಹಿಡಿಯುವ ತನಕ ಗಿಡ ಬಾಡುವುದಿಲ್ಲ. ಎಲೆ-ಬೇರು ಸೇರುವ ಜಾಗ ಮಣ್ಣಿನಿಂದ ಒಂದು ಇಂಚು ಕೆಳಗಿರಲಿ.

ಫುಟ್‌ಬಾಲ್ ಲಿಲ್ಲಿ: ಕಡಿಮೆ ಮುಟ್ಟಿದಷ್ಟೂ ಒಳ್ಳೆಯದು

ಆಫ್ರಿಕಾ ಮೂಲದ ಈ ಗಿಡದ ಎಲೆ ಮಳೆಗಾಲ ಮುಗಿದ ಮೇಲೆ ಮೆಲ್ಲಗೆ ಒಣಗಿ, ಚಳಿಗಾಲದಲ್ಲಿ ಕುಂಡ ಖಾಲಿ ಕಾಣುತ್ತದೆ. ಸತ್ತುಹೋಯಿತೆಂದು ಮಣ್ಣು ಸುರಿದುಬಿಡುವವರಿದ್ದಾರೆ. ಗಡ್ಡೆ ಒಳಗೆ ಚೆನ್ನಾಗಿಯೇ ಇರುತ್ತದೆ. ಎಲೆ ಒಣಗಿದ ಮೇಲೆ, ಮೊಗ್ಗು ಮೂಡುವ ಮೊದಲು, ಅಂದರೆ ಜನವರಿ-ಫೆಬ್ರವರಿಯಲ್ಲಿ ಬಿಡಿಸಿ. ತಾನಾಗಿ ಕಳಚಿಬರುವ ಮರಿಯನ್ನು ಮಾತ್ರ ತೆಗೆಯಿರಿ, ಬಲವಂತ ಬೇಡ. ಇದರ ಬೇರಿಗೆ ಪೆಟ್ಟಾದರೆ ಆ ವರ್ಷ ಚೆಂಡು ಸಿಗುವುದಿಲ್ಲ. ಗಡ್ಡೆಯ ತುದಿ ಮಣ್ಣಿನ ಮಟ್ಟಕ್ಕೆ ಬರಲಿ. ಅರೆನೆರಳು ಇದಕ್ಕೆ ಹಿತ.

ಏಷ್ಯಾಟಿಕ್, ಓರಿಯೆಂಟಲ್ ಲಿಲ್ಲಿ: ಚಳಿ ಕೊಡದೆ ಹೂವಿಲ್ಲ

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆ ಇವುಗಳ ಮೇಲೆ ಆಸೆ ಹುಟ್ಟುವುದು ಸಹಜ. ಗಡ್ಡೆ ಹೆಚ್ಚಾಗಿ ನೆದರ್‌ಲ್ಯಾಂಡ್ಸ್‌ನಿಂದ ಬರುತ್ತದೆ. ಬರುವ ಮೊದಲೇ ಅದಕ್ಕೆ ಚಳಿ ಕೊಟ್ಟಿರುತ್ತಾರೆ. ಹಾಗಾಗಿ ಮೊದಲ ಸಲ ಎಲ್ಲಿ ನೆಟ್ಟರೂ ಅರಳುತ್ತದೆ. ಎರಡನೆಯ ವರ್ಷ ನಮ್ಮ ಚಳಿ ಅದಕ್ಕೆ ಸಾಲುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಎತ್ತರದ ಜಾಗಗಳಲ್ಲಿ ಸ್ವಲ್ಪ ವಾಸಿ. ಬೆಂಗಳೂರು, ಮೈಸೂರಿನಲ್ಲಿ ಫ್ರಿಜ್ಜೇ ಗತಿ.

ಹೂ ಮುಗಿದ ಮೇಲೆ ಹೂವನ್ನಷ್ಟೇ ತೆಗೆದು ಕಾಂಡ, ಎಲೆ ಹಾಗೇ ಬಿಡಿ. ಕಾಂಡ ಒಣಗಿ ಕಂದಾದಾಗ ಅಗೆಯಿರಿ. ಒಂದು ಗಡ್ಡೆ ಎರಡಾಗಿರುತ್ತದೆ, ಕಾಂಡದ ಬುಡದಲ್ಲಿ ಮಣ್ಣಿನೊಳಗೆ ಸಣ್ಣ ಮರಿಗಳೂ ಇರುತ್ತವೆ. ಕೈಯಿಂದಲೇ ಬಿಡಿಸಬಹುದು. ಹೊರಸಿಪ್ಪೆ ಇಲ್ಲದ್ದರಿಂದ ಈ ಗಡ್ಡೆ ಬೇಗ ಒಣಗುತ್ತದೆ. ಹಿಪ್ಪಿಯಾಸ್ಟ್ರಮ್‌ನಂತೆ ಕಾಗದದ ಮೇಲೆ ದಿನಗಟ್ಟಲೆ ಇಡುವಂತಿಲ್ಲ. ತೊಳೆದು, ನೀರಾರಿದ ಕೂಡಲೇ, ಹಿಂಡಿದರೆ ಹನಿ ಬೀಳದಷ್ಟು ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಮುಚ್ಚಿ. ತೂತು ಮಾಡಿದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ, ಸುಮಾರು 4 ಡಿಗ್ರಿಯಲ್ಲಿ, ಎಂಟು-ಹತ್ತು ವಾರ ಇಡಿ. ಫ್ರೀಜರ್‌ನಲ್ಲಿ ಅಲ್ಲ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಕವರಿನ ಮೇಲೆ ‘ವಿಷ, ತಿನ್ನಬಾರದು’ ಎಂದು ದಪ್ಪಗೆ ಬರೆಯಿರಿ. ಅಕ್ಟೋಬರ್‌ನಲ್ಲಿ ನೆಡಬೇಕೆಂದರೆ ಆಗಸ್ಟ್ ಮೊದಲ ವಾರ ಫ್ರಿಜ್ಜಿಗೆ ಹೋಗಬೇಕು.

ನೆಡುವ ಆಳ ಹಿಪ್ಪಿಯಾಸ್ಟ್ರಮ್‌ಗೆ ಪೂರ್ತಿ ಉಲ್ಟಾ. ಗಡ್ಡೆಯ ಮೇಲಿನ ಕಾಂಡದಲ್ಲೂ ಬೇರು ಬರುತ್ತದೆ, ನೀರು-ಗೊಬ್ಬರ ಎಳೆಯುವುದರಲ್ಲಿ ಅವುಗಳ ಪಾಲು ದೊಡ್ಡದು. ಆದ್ದರಿಂದ ಗಡ್ಡೆಯ ಮೇಲೆ 10-15 ಸೆಂಟಿಮೀಟರ್ ಮಣ್ಣು ಬರುವಂತೆ ಆಳವಾಗಿ ನೆಡಿ.

ತಾಳ್ಮೆ ಇರುವವರಿಗೆ ಇನ್ನೊಂದು ದಾರಿ: ಗಡ್ಡೆಯ ಹೊರಗಿನ ನಾಲ್ಕೈದು ಎಸಳನ್ನು ಬುಡದ ಹತ್ತಿರ ಮುರಿದು, ಶಿಲೀಂಧ್ರನಾಶಕದಲ್ಲಿ ಅದ್ದಿ, ತೇವದ ನಾರಿನ ಪುಡಿ ತುಂಬಿದ ಕವರಿನಲ್ಲಿ ಮನೆಯೊಳಗೆ ತಂಪು ಕತ್ತಲೆಯಲ್ಲಿ ಇಡಿ. ಎರಡು ತಿಂಗಳ ಹೊತ್ತಿಗೆ ಎಸಳಿನ ಬುಡದಲ್ಲಿ ಪುಟ್ಟ ಗಡ್ಡೆ ಕಟ್ಟುತ್ತದೆ. ಹೂವಿಗೆ ಎರಡು-ಮೂರು ವರ್ಷ ಕಾಯಬೇಕು.

ಮನೆಯಲ್ಲಿ ಬೆಕ್ಕು ಇದ್ದರೆ ಈ ಲಿಲ್ಲಿಗಳನ್ನೂ ಡೇ ಲಿಲ್ಲಿಯನ್ನೂ ಬೆಳೆಸಲೇಬೇಡಿ. ಎಲೆ, ಹೂ, ಪರಾಗ, ಹೂದಾನಿಯ ನೀರು ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೆ ಬರುತ್ತದೆ. ನೆಕ್ಕಿದ್ದು ಕಂಡರೆ ಲಕ್ಷಣಕ್ಕೆ ಕಾಯದೆ ತಕ್ಷಣ ಪಶುವೈದ್ಯರ ಬಳಿ ಕರೆದೊಯ್ಯಿರಿ.

ಗೌರಿ ಹೂವಿನ ಗೆಡ್ಡೆ

ಗೌರಿ ಹಬ್ಬದ ಸುಮಾರಿಗೆ ಬೇಲಿಯ ಮೇಲೆ ಕೆಂಪು-ಹಳದಿ ಜ್ವಾಲೆಯಂತೆ ಅರಳುವ ಈ ಬಳ್ಳಿಯನ್ನು ತೋಟಕ್ಕೆ ತರಲು ಕಾಡಿನಿಂದ ಕೀಳಬೇಡಿ. ಔಷಧಿಗೆಂದು ಕಿತ್ತು ಕಿತ್ತು ಎಷ್ಟೋ ಕಡೆ ಇದು ಕಡಿಮೆಯಾಗಿದೆ. ಬೆಳೆಸಿದವರಿಂದ, ನರ್ಸರಿಯಿಂದ ಪಡೆಯಿರಿ.

ನವೆಂಬರ್-ಡಿಸೆಂಬರ್‌ನಲ್ಲಿ ಬಳ್ಳಿ ಒಣಗುತ್ತದೆ. ಜನವರಿ-ಫೆಬ್ರವರಿಯಲ್ಲಿ ಅಗೆದರೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ, ಬೆರಳು ದಪ್ಪದ ಗೆಡ್ಡೆ ಸಿಗುತ್ತದೆ. ಒಂದೊಂದು ತೋಳಿನ ತುದಿಯಲ್ಲಿ ಒಂದೇ ಮೊಳಕೆಯ ಕಣ್ಣು. ಅದು ಮುರಿದರೆ ಆ ತೋಳು ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಹಾಗಾಗಿ ಸಲಕರಣೆ ಬದಿಗಿಟ್ಟು ಕೊನೆಯ ಹಂತದಲ್ಲಿ ಬೆರಳಿನಿಂದಲೇ ಮಣ್ಣು ಸರಿಸಿ. ಎರಡು ತೋಳುಗಳನ್ನು ನಡುವೆ ಕತ್ತರಿಸಿ ಎರಡು ಗಿಡ ಮಾಡಬಹುದು, ಎರಡೂ ಕಣ್ಣು ಗಟ್ಟಿಯಾಗಿದ್ದರೆ ಮಾತ್ರ. ಗಾಯ ಒಣಗಿಸಿ, ಒಣ ಮರಳಿನಲ್ಲಿ ಮೇ ತನಕ ಇಡಿ. ಇದರಲ್ಲಿ ಕಾಲ್ಚಿಸಿನ್ ಎಂಬ ಕಡುವಿಷ ಇದೆ. ಗೆಣಸೆಂದು ಭ್ರಮಿಸಿ ತಿಂದು ಜನ ಸತ್ತದ್ದುಂಟು. ಬೀಗ ಹಾಕುವ ಜಾಗದಲ್ಲಿಟ್ಟರೆ ಇನ್ನೂ ಒಳ್ಳೆಯದು. ಮುಟ್ಟಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ.

ಮೇ ಕೊನೆಯಲ್ಲಿ ಗೆಡ್ಡೆಯನ್ನು ಅಡ್ಡ ಮಲಗಿಸಿ, 5-6 ಸೆಂಟಿಮೀಟರ್ ಆಳಕ್ಕೆ, ಕಣ್ಣು ಸ್ವಲ್ಪ ಮೇಲ್ಮುಖವಾಗಿರುವಂತೆ ನೆಡಿ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವುದರಿಂದ ದಪ್ಪ ಕಂಬ ಬೇಡ, ತೆಳ್ಳನೆಯ ಕಡ್ಡಿ ಅಥವಾ ಬಲೆ ಬೇಕು. ಅದನ್ನು ನೆಡುವ ದಿನವೇ ಸಿಕ್ಕಿಸಿಬಿಡಿ. ಆಮೇಲೆ ಸಿಕ್ಕಿಸಲು ಹೋದರೆ ಕಡ್ಡಿ ನೇರವಾಗಿ ಕಣ್ಣಿನ ಮೇಲೇ ಇಳಿದರೂ ಇಳಿಯಬಹುದು.